ಮಗುವಿನ ಮೆಳ್ಳೆಗಣ್ಣು: ಯಾವ ಪರೀಕ್ಷೆ ಎಷ್ಟು ನಂಬಬಹುದು?

ಶಿರಸಿಯ ನಮ್ಮ ಮನೆಯಲ್ಲಿ ಅಕ್ಕನ ಮಗಳಿಗೆ ಮೆಳ್ಳೆಗಣ್ಣು ಅಂತ ಅನುಮಾನ ಬಂತು. ಮೊದಲು ಎದುರಿನಿಂದ ಟಾರ್ಚ್ ಬಿಡಿ. ಬೆಳಕಿನ ಚುಕ್ಕಿ ಎರಡೂ ಕಣ್ಣಲ್ಲಿ ಒಂದೇ ಜಾಗದಲ್ಲಿದ್ದರೆ, ಮೂಗಿನ ಬುಡ ಅಗಲ ಇರುವುದರಿಂದ ಸುಮ್ನೆ ಹಾಗೆ ಕಾಣುತ್ತಿರಬಹುದು. ಆದರೆ ಇದು ಅಂದಾಜು ಅಷ್ಟೇ: ಚುಕ್ಕಿ 1 ಮಿಲಿಮೀಟರ್ ಸರಿದರೆ ಸುಮಾರು 7 ಡಿಗ್ರಿ ಓರೆ, ಸಣ್ಣದು ಕಣ್ತಪ್ಪುತ್ತದೆ.

ಮುಚ್ಚಿ ನೋಡುವುದೇ ಜಾಸ್ತಿ ನಂಬಿಕೆಯದ್ದು. ಅಂಗಳದಾಚೆಯ ಅಡಿಕೆ ಗೊನೆಯನ್ನು ನೋಡಲು ಹೇಳಿ, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ತೆರೆದಿರುವ ಕಣ್ಣು ಚೂರು ಸರಿಯಿತಾ ಗಮನಿಸಿ; ಸರಿದರೆ ಆ ಕಣ್ಣು ಓರೆ ಇತ್ತು ಅಂತ. (ನಾನು ಮುಚ್ಚಿದ ಕಣ್ಣನ್ನೇ ನೋಡ್ತಾ ಕೂತಿದ್ದೆ!) ಇನ್ನೊಂದಕ್ಕೂ ಹಾಗೇ ಮಾಡಿ. ಸಂಜೆ ಮಗು ದಣಿದಾಗ ಮತ್ತೊಮ್ಮೆ. ಕೆಲವು ಓರೆ ಆಗಷ್ಟೇ ಕಾಣುತ್ತದೆ. ಏನೂ ಕಾಣದಿದ್ದರೂ ಅನುಮಾನ ಉಳಿದರೆ ಡಾಕ್ಟರಿಗೆ ತೋರಿಸಿ. ಅವರು ಪ್ರಿಸಂ (ಬೆಳಕನ್ನು ಬಾಗಿಸುವ ಗಾಜಿನ ತುಂಡು) ಇಟ್ಟು ಅಳೆದದ್ದೂ ಇಬ್ಬರ ಕೈಯಲ್ಲಿ ಸ್ವಲ್ಪ ಬೇರೆ ಬರುತ್ತದೆ, ಅದಕ್ಕೇ ಆಪರೇಷನ್‌ಗೆ ಮುಂಚೆ ಮತ್ತೆ ಅಳೆಯುತ್ತಾರೆ.