ಕಮ್ಮಾರಸಾಲೆಗೆ ಮೊದಲು ಅಡಿಗಲ್ಲು

ಚಾಕು ಮಾಡುವುದನ್ನು ಕಲಿಯಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಕೊಳ್ಳುವುದು ಬೆಲ್ಟ್ ಗ್ರೈಂಡರ್ (ಲೋಹ ಉಜ್ಜುವ ಪಟ್ಟಿ ತಿರುಗುವ ಯಂತ್ರ), ಆಮೇಲೆ ಗ್ಯಾಸ್ ಕುಲುಮೆ. ಅಡಿಗಲ್ಲಿನ, ಅಂದರೆ ಕಾದ ಕಬ್ಬಿಣವನ್ನು ಮೇಲಿಟ್ಟು ಬಡಿಯುವ ಭಾರದ ಲೋಹದ ದಿಮ್ಮಿಯ, ಸರದಿ ಬರುವ ಹೊತ್ತಿಗೆ ಕೈಯಲ್ಲಿ ದುಡ್ಡೂ ಉಳಿದಿರುವುದಿಲ್ಲ, ಶೆಡ್ಡಿನಲ್ಲಿ ಜಾಗವೂ ಉಳಿದಿರುವುದಿಲ್ಲ. ಕುಲುಮೆ ಒಂದು ಮೂಲೆಗೆ, ಅಡಿಗಲ್ಲು ಎದುರು ಮೂಲೆಗೆ, ತುಂಡನ್ನು ಬಿಗಿಹಿಡಿಯುವ ವೈಸು ಕಿಟಕಿ ಪಕ್ಕಕ್ಕೆ ಎಂದು ಎಲ್ಲವನ್ನೂ ಗೋಡೆಗೆ ಒತ್ತಿಸಿ ಇಡುತ್ತಾರೆ. ನೋಡಲು ಓರಣವಾಗಿಯೇ ಇರುತ್ತದೆ. ಆದರೆ ಕೆಂಪಗೆ ಕಾದ ತೆಳು ಅಲಗನ್ನು ಇಕ್ಕಳದಲ್ಲಿ ಹಿಡಿದು ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಅದರ ತುದಿ ಮಂಕಾಗಿರುತ್ತದೆ, ಎರಡು ಏಟು ಬೀಳುವಷ್ಟರಲ್ಲಿ ಕಪ್ಪಾಗಿರುತ್ತದೆ. ಹೀಗೆ ಜೋಡಿಸಿದ ಮೂರು ಶೆಡ್ಡುಗಳನ್ನು ಕಿತ್ತು ಮತ್ತೆ ಹೊಂದಿಸಿದ್ದೇನೆ. ಮೊದಲನೆಯದು ನನ್ನದೇ.

1. ಜಾಗ

ಹತ್ತಡಿ ಉದ್ದ, ಹತ್ತಡಿ ಅಗಲವಿದ್ದರೆ ಧಾರಾಳ. ನೆಲ ಸಿಮೆಂಟಿನದಾಗಲಿ, ದಮ್ಮಸು ಮಾಡಿದ ಮಣ್ಣಿನದಾಗಲಿ, ಮರದ್ದು ಮಾತ್ರ ಬೇಡ. ಎದುರುಬದುರಾಗಿ ಎರಡು ಕಡೆ ಗಾಳಿ ಆಡಬೇಕು. ಕುಲುಮೆ ಗ್ಯಾಸಿನದಿರಲಿ ಇದ್ದಿಲಿನದಿರಲಿ, ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ವಾಕರಿಕೆ ಶುರುವಾಗುವ ಹೊತ್ತಿಗೆ ಅದು ರಕ್ತಕ್ಕೆ ಸೇರಿಯಾಗಿರುತ್ತದೆ. ಇದನ್ನು ಪತ್ತೆಮಾಡಿ ಕೂಗುವ ಅಲಾರಂ ಅಂಗೈಯಗಲದ್ದು. ಸುತ್ತಿಗೆಗಿಂತ ಮೊದಲು ಅದನ್ನು ಕೊಳ್ಳಿ. ಇನ್ನು ಬೆಳಕು. ಕುಲುಮೆಯ ಸುತ್ತ ಮಬ್ಬು ಬೇಕು, ಇಲ್ಲವಾದರೆ ಕಬ್ಬಿಣದ ಬಣ್ಣ ತಿಳಿಯುವುದಿಲ್ಲ. ಸುಡುಬಿಸಿಲಿನಲ್ಲಿ ಕಪ್ಪಗೆ ಕಾಣುವ ತುಂಡು ನೆರಳಿಗೆ ಬಂದರೆ ಕೆಂಡದಂತೆ ಕಾಣುತ್ತದೆ.

2. ಅಡಿಗಲ್ಲು

ಇಲ್ಲಿ ಅವಸರ ಮಾಡಬೇಡಿ.

ನನ್ನ ಮೊದಲ ಅಡಿಗಲ್ಲು ನೀಲಿ ಬಣ್ಣ ಬಳಿದುಕೊಂಡು ಮಿರಮಿರ ಮಿಂಚುತ್ತಿತ್ತು. ಮುಂದೆ ಕೊಂಬು, ಹಿಂದೆ ಚೌಕದ ತೂತು, ಒಂದಕ್ಕೂ ಕೊರತೆಯಿರಲಿಲ್ಲ. ಮೊದಲ ವಾರದಲ್ಲೇ ಅಂಚಿನಿಂದ ಹೆಬ್ಬೆರಳ ಉಗುರಿನಷ್ಟು ಚೂರು ಹಾರಿತು. ಹಾರಿದ ಜಾಗದಲ್ಲಿ ಬೂದುಬಣ್ಣದ ಹರಳು ಹರಳು ಕಾಣಿಸಿತು: ಎರಕದ ಕಬ್ಬಿಣ, ಅಂದರೆ ಬೀಡು. ಅಡಿಗಲ್ಲಿನ ಆಕಾರದ ಇಂಥ ಮಾಲು ಪೇಟೆಯಲ್ಲಿ ಬೇಕಾದಷ್ಟಿದೆ. ಬೀಡು ಏಟನ್ನು ನುಂಗುತ್ತದೆ. ಉಕ್ಕು ಏಟನ್ನು ಹಿಂದಕ್ಕೆ ಕೊಡುತ್ತದೆ.

ಕೊಳ್ಳುವ ಮುಂಚೆ ಜೇಬಿನಲ್ಲಿ ಒಂದು ಬೇರಿಂಗ್ ಗುಂಡು ಇಟ್ಟುಕೊಂಡು ಹೋಗಿ. ಅಡಿಗಲ್ಲಿನ ಪಕ್ಕ ಸ್ಕೇಲು ನಿಲ್ಲಿಸಿ, 10 ಇಂಚು ಮೇಲಿನಿಂದ ಗುಂಡನ್ನು ಬಿಡಿ. ಏಳೆಂಟು ಇಂಚಿಗೆ ಪುಟಿದರೆ ಮುಖ ಗಡಸಾಗಿದೆ ಎಂದು ಅರ್ಥ. ಮೂರ್ನಾಲ್ಕು ಇಂಚು ಎದ್ದು ಸುಸ್ತಾದರೆ ನಮಸ್ಕಾರ ಹೇಳಿ ಬನ್ನಿ. ಒಂದೇ ಕಡೆ ನೋಡಿ ಒಪ್ಪಬೇಡಿ, ಆರೆಂಟು ಕಡೆ ಬಿಟ್ಟು ನೋಡಿ. ಸಾಮಾನ್ಯವಾಗಿ ನಡುವೆ ಜೋರಾಗಿ ಪುಟಿಯುತ್ತದೆ, ಬಾಲದ ಕಡೆ ತುಸು ಕಡಿಮೆ. ನಡುವಿನಲ್ಲೇ ಒಂದು ಜಾಗ ಸತ್ತಂತಿದ್ದರೆ ಮುಖದ ಉಕ್ಕಿನ ಪದರ ಒಳಗೆ ಬಿಟ್ಟುಕೊಂಡಿದೆ ಎಂದು ಅನುಮಾನಿಸಿ.

ಒಳ್ಳೆಯದು ಸಿಗಲಿಲ್ಲವೋ, ರೈಲು ಹಳಿಯ ತುಂಡು ಸಾಕು. ಆದರೆ ಅದನ್ನು ಹಳಿ ಹಾಸುವ ಹಾಗೆ ಮಲಗಿಸಬೇಡಿ, ಕಂಬದಂತೆ ನಿಲ್ಲಿಸಿ. ಮಲಗಿಸಿದರೆ ಏಟಿನ ಕೆಳಗೆ ಇರುವುದು ತೆಳ್ಳನೆಯ ನಡುಪಟ್ಟಿ, ಅದು ಕುಣಿಯುತ್ತದೆ. ನಿಲ್ಲಿಸಿದರೆ ಇಡೀ ತುಂಡಿನ ತೂಕ ಸುತ್ತಿಗೆಯ ನೇರ ಕೆಳಗೆ ಬರುತ್ತದೆ. ಚಾಕುವಿಗೆ ಬೇಕಾಗುವುದು ಅಂಗೈಯಗಲದ ಸಪಾಟು ಜಾಗವಷ್ಟೇ, ಕೊಂಬಿನ ಕೆಲಸ ವರ್ಷಕ್ಕೆ ಎರಡು ಸಲ. ತೂಕಕ್ಕೆ ನನ್ನ ಲೆಕ್ಕ ಇದು: ಸುತ್ತಿಗೆಯ ಐವತ್ತು ಪಟ್ಟು. ಒಂದು ಕಿಲೋ ಸುತ್ತಿಗೆಗೆ 50 ಕಿಲೋ ಅಡಿಗಲ್ಲು.

ಇನ್ನು ಎತ್ತರ. ಎಲ್ಲರೂ ಎಡವುವುದು ಇಲ್ಲೇ. ಕೆಲಸಕ್ಕೆ ಹಾಕುವ ಬೂಟು ತೊಟ್ಟು ನೆಟ್ಟಗೆ ನಿಂತು ಕೈ ಇಳಿಬಿಟ್ಟು ಮುಷ್ಟಿ ಹಿಡಿಯಿರಿ. ಬೆರಳಗೆಣ್ಣು ಎಲ್ಲಿಗೆ ಬರುತ್ತದೋ ಅಲ್ಲಿಗೆ ಅಡಿಗಲ್ಲಿನ ಮುಖ ಬರಬೇಕೆಂಬುದು ಹಳೆಯ ಅಳತೆ. ದೊಡ್ಡ ಸುತ್ತಿಗೆಯ ಕೆಲಸಕ್ಕೆ ಅದು ಸರಿ. ಚಾಕುವಿನ ಹಗುರ ಕೆಲಸಕ್ಕೆ ಅದಕ್ಕಿಂತ ಒಂದೆರಡು ಇಂಚು ಮೇಲಿರಬೇಕು. ಈ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ, ನನ್ನ ಸೊಂಟ ನನಗೆ ಪಾಠ ಹೇಳಿದೆ.

ಅಳತೆ ಸರಿಯಾಗಿದೆಯೇ ಎಂದು ತಿಳಿಯಲು ಅಡಿಗಲ್ಲಿನ ಮೇಲೆ ಮೆದು ಮರದ ಹಲಗೆಯಿಟ್ಟು ಯೋಚಿಸದೆ ಹತ್ತು ಏಟು ಹಾಕಿ. ಗುರುತು ಪೂರ್ತಿ ದುಂಡಗೆ ಮೂಡಿದರೆ ಎತ್ತರ ಸರಿ. ನಿಮ್ಮಿಂದ ದೂರದ ಅಂಚು ಮಾತ್ರ ಅರ್ಧಚಂದ್ರದಂತೆ ಒತ್ತಿದ್ದರೆ ಅಡಿಗಲ್ಲು ತಗ್ಗಿನಲ್ಲಿದೆ. ನಿಮ್ಮ ಕಡೆಯ ಅಂಚು ಒತ್ತಿದ್ದರೆ ಎತ್ತರವಾಗಿದೆ. ಕಾದ ಅಲಗಿನ ಮೇಲೆ ಈ ಅರ್ಧಚಂದ್ರಗಳೇ ಗುಳಿಗಳಾಗಿ ಕೂರುತ್ತವೆ. ಅವನ್ನು ತೆಗೆಯಲು ಗಂಟೆಗಟ್ಟಲೆ ಉಜ್ಜಿ, ಕೊನೆಗೆ ಗ್ರೈಂಡರ್ ಸರಿಯಿಲ್ಲ ಎಂದು ಬೈಯುವವರನ್ನು ನೋಡಿದ್ದೇನೆ.

ಪೀಠಕ್ಕೆ ಮರದ ದಿಮ್ಮಿಯನ್ನು ಅದು ಬೆಳೆದ ದಿಕ್ಕಿನಲ್ಲೇ ನಿಲ್ಲಿಸಿ. ಅಡಿಗಲ್ಲಿನ ಕೆಳಗೆ ಸಿಲಿಕೋನ್ ಅಂಟಿನ ದಪ್ಪ ಪದರ ಹಾಕಿ, ಮೇಲಿನಿಂದ ಪಟ್ಟಿ ಬಿಗಿಯಿರಿ. ಕಿವಿ ಕೊರೆಯುವ ನಾದ ಅರ್ಧಕ್ಕರ್ಧ ಇಳಿಯುತ್ತದೆ. ಹಾಗೆಂದು ಇಯರ್‌ಪ್ಲಗ್ ಬಿಡಬೇಡಿ. ಕೈಯಲ್ಲಿ ಅಲುಗಿಸಿದರೆ ಪೀಠ ಕಿಂಚಿತ್ತೂ ಕುಂಟಬಾರದು.

3. ಸೀಮೆಸುಣ್ಣದ ತಾಲೀಮು

ಯಾವುದಕ್ಕೂ ಬೋಲ್ಟು ಹಾಕುವ ಮುಂಚೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎಲ್ಲವನ್ನೂ ಬರೆಯಿರಿ. ಅಡಿಗಲ್ಲು ನಡುವೆ ಇರಲಿ, ಗೋಡೆಗಲ್ಲ. ಉದ್ದ ಪಟ್ಟಿಯನ್ನು ಯಾವ ಕಡೆಗೆ ತಿರುಗಿಸಿದರೂ ಏನಕ್ಕೂ ತಗಲಬಾರದು. ಬಲಗೈ ಬಳಸುವವರಿಗೆ ಎಡಕ್ಕೆ ಕುಲುಮೆ, ಬಲಕ್ಕೆ ನೆಲಕ್ಕೆ ಕಾಲೂರುವ ಲೆಗ್ ವೈಸು. ಎಡಗೈಯವರು ತಿರುವುಮುರುವು ಮಾಡಿಕೊಳ್ಳಿ. ಕುಲುಮೆಯ ಬಾಯಿಯಿಂದ ಅಡಿಗಲ್ಲಿಗೆ ಒಂದೇ ಹೆಜ್ಜೆ, ಅದೂ ತಿರುಗುವ ಹೆಜ್ಜೆ. ಕಾದ ಅಲಗನ್ನು ಅದ್ದಿ ಗಡಸು ಮಾಡುವ ಎಣ್ಣೆಯ ತೊಟ್ಟಿ ಕುಲುಮೆಯಿಂದ ಒಂದು ಹೆಜ್ಜೆ ದೂರದಲ್ಲಿ, ಆದರೆ ನೀವು ಸುತ್ತಿಗೆ ಬೀಸುವ ದಾರಿಯಲ್ಲಲ್ಲ.

ಈಗ ತಣ್ಣನೆಯ ಕಬ್ಬಿಣದ ಪಟ್ಟಿಯನ್ನು ಇಕ್ಕಳದಲ್ಲಿ ಹಿಡಿದು ಇಡೀ ಕೆಲಸವನ್ನು ಅಭಿನಯಿಸಿ: ತೆಗೆ, ತಿರುಗು, ಬಡಿ, ಮತ್ತೆ ಒಳಗಿಡು. ಗ್ಯಾಸಿನ ಪೈಪನ್ನು ಒಮ್ಮೆ ದಾಟಿದರೂ ಚಿತ್ರ ತಪ್ಪು. ಅಳಿಸಿ ಮತ್ತೆ ಬರೆಯಿರಿ. ನೋಡುವವರು ನಗುತ್ತಾರೆ, ನಗಲಿ. ನಾನು ಐದು ಸಲ ಅಳಿಸಿದ್ದೆ.

4. ಕುಲುಮೆ

ಇದ್ದಿಲು, ತಿದಿ, ಹೊಗೆಯ ಸೊಗಸೇ ಬೇರೆ. ಆದರೆ ಹೊಸಬರಿಗೆ ಗ್ಯಾಸೇ ಇರಲಿ, ಅಲಗು ಸುಟ್ಟುಹೋಗುವುದು ಕಡಿಮೆ. ಅಡುಗೆ ಒಲೆಯ ರೆಗ್ಯುಲೇಟರ್ ಇಲ್ಲಿ ನಡೆಯದು. ಒತ್ತಡ ಏರಿಸಿ ಇಳಿಸಲು ಬರುವ, ಹೆಚ್ಚಿನ ಒತ್ತಡದ ರೆಗ್ಯುಲೇಟರ್ ಬೇಕು. ಸಿಲಿಂಡರ್ ನೆಟ್ಟಗೆ, ಕುಲುಮೆಯಿಂದ ದೂರ, ಸಾಧ್ಯವಾದರೆ ಶೆಡ್ಡಿನ ಹೊರಗೆ. ಈ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ಕೀಲುಗಳಿಗೆ ಸೋಪಿನ ನೊರೆ ಹಚ್ಚಿ ನೋಡಿ. ಹೊತ್ತಿಸುವಾಗ ಬಾಯಿಯ ಎದುರು ನಿಲ್ಲದೆ ಬದಿಗೆ ನಿಂತು, ಮೊದಲು ಒಳಗೆ ಬೆಂಕಿ ಹಿಡಿದು ಆಮೇಲೆ ಗ್ಯಾಸ್ ಬಿಡಿ.

ಸಿದ್ಧ ಕುಲುಮೆಗಳಲ್ಲಿ ಅಗ್ಗದವು ಬರಿಯ ಸೆರಾಮಿಕ್ ಉಣ್ಣೆ ಹೊದ್ದುಕೊಂಡು ಬರುತ್ತವೆ. ಅದರ ಎಳೆಗಳು ಗಾಳಿಗೆ ಹಾರಿ ಶ್ವಾಸಕೋಶ ಸೇರುತ್ತವೆ. ಗಟ್ಟಿಗೊಳಿಸುವ ದ್ರವ ಹಾಕಿ, ಮೇಲೆ ಉರಿ ತಡೆಯುವ ಗಾರೆ ಬಳಿಯದೆ ಹೊತ್ತಿಸಲೇಬೇಡಿ. ‘ಹಾಗೇ ಬಳಸಬಹುದು’ ಎಂದು ಪೊಟ್ಟಣದ ಮೇಲೆ ಬರೆದಿದ್ದರೂ ಅಷ್ಟೇ.

5. ಸುತ್ತಿಗೆ, ಇಕ್ಕಳ, ಉಕ್ಕು

ಒಂದು ಕಿಲೋ ಸುತ್ತಿಗೆ ಒಂದು. ಅಂಚುಗಳನ್ನು ಅರದಿಂದ ಉಜ್ಜಿ ನುಣುಪು ಮಾಡಿ. ಇಕ್ಕಳದ ಬಾಯಿ ಪಟ್ಟಿಯ ದಪ್ಪಕ್ಕೆ ಕೂಡಬೇಕು, ಇಲ್ಲವಾದರೆ ಕೆಂಡದಂಥ ಅಲಗು ಹಾರಿ ಕಾಲ ಬಳಿ ಬೀಳುತ್ತದೆ. ಹತ್ತಿ ಬಟ್ಟೆ, ಕನ್ನಡಕ, ಚರ್ಮದ ಬೂಟು.

ಉಕ್ಕಿಗೆ 1084 ಎಂಬ ದರ್ಜೆಯದು ಕೇಳಿ. ಇಂಗಾಲ ಸುಮಾರು ಶೇ 0.84, ಹೊಸಬರ ತಪ್ಪುಗಳನ್ನು ಸಹಿಸಿಕೊಳ್ಳುತ್ತದೆ. ಕಟ್ಟಡದ ಸರಳು ಎಷ್ಟು ಬಡಿದರೂ ಚಾಕುವಿನಷ್ಟು ಗಡಸಾಗುವುದಿಲ್ಲ. ಸತುವಿನ ಲೇಪನವಿರುವ ಪೈಪು, ಬೋಲ್ಟು ಯಾವುದನ್ನೂ ಕುಲುಮೆಗೆ ಹಾಕಬೇಡಿ: ಸತು 907 ಡಿಗ್ರಿಗೆ ಕುದಿದು ಬಿಳಿ ಹೊಗೆಯಾಗುತ್ತದೆ, ಅದನ್ನು ಉಸಿರಾಡಿದವರಿಗೆ ರಾತ್ರಿ ಚಳಿಜ್ವರ.

6. ಎಣ್ಣೆ ತೊಟ್ಟಿ

ಅಲಗಿಗಿಂತ ಎತ್ತರದ, ದಪ್ಪ ತಗಡಿನ ಡಬ್ಬ. ಪ್ಲಾಸ್ಟಿಕ್ ಬಕೆಟ್ ತಂದವರೂ ಇದ್ದಾರೆ. ಮುಚ್ಚಳ ಲೋಹದ್ದೇ ಆಗಿರಬೇಕು, ಕೈಗೆ ಸಿಗುವ ಹಾಗಿರಬೇಕು. ಎಣ್ಣೆ ಹೊತ್ತಿಕೊಂಡರೆ ತಕ್ಷಣ ಮುಚ್ಚಿಬಿಡಿ, ನೀರು ಹಾಕಿದರೆ ಉರಿಯುವ ಎಣ್ಣೆ ಸೂರಿಗೆ ಹಾರುತ್ತದೆ. ಹಳೆಯ ಎಂಜಿನ್ ಆಯಿಲ್ ಪುಕ್ಕಟೆ ಸಿಗುತ್ತದೆಂದು ತರಬೇಡಿ, ಅದರ ಹೊಗೆ ವಿಷ. ಕ್ಯಾನೋಲಾ ಎಣ್ಣೆ 50 ಡಿಗ್ರಿಗೆ ಬೆಚ್ಚಗಾಗಿರಲಿ. ತಣ್ಣನೆಯ ಎಣ್ಣೆ ಮಂದವಾಗಿ ನಿಧಾನ ತಣಿಸುತ್ತದೆ.

ಪಕ್ಕದಲ್ಲೇ ತಂತಿಗೆ ಒಂದು ಅಯಸ್ಕಾಂತ ನೇತುಹಾಕಿ. ಸುಮಾರು 770 ಡಿಗ್ರಿಗೆ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅಲ್ಲಿಂದ ಇನ್ನೊಂದು ಛಾಯೆ ಕೆಂಪೇರಿಸಿ, ಸುಮಾರು 815ಕ್ಕೆ, ಅಲಗನ್ನು ನೆಟ್ಟಗೆ ಅದ್ದಿ. ಪಕ್ಕಕ್ಕೆ ಅಲ್ಲಾಡಿಸಿದರೆ ಬಾಗುತ್ತದೆ. ಅದು ಕೈಯಲ್ಲಿ ಹಿಡಿಯುವಷ್ಟು ತಣಿದ ಮೇಲೆ ತಡಮಾಡದೆ, ಪೆಡಸು ಇಳಿದು ಹದ ಬರಲು, 200 ಡಿಗ್ರಿ ಓವನ್ನಿನಲ್ಲಿ ಎರಡು ಗಂಟೆ, ಆಮೇಲೆ ಇನ್ನೂ ಎರಡು ಗಂಟೆ. ಓವನ್ನಿನ ಗುಂಡಿ ಸುಳ್ಳು ಹೇಳುತ್ತದೆ, ಒಳಗೊಂದು ಥರ್ಮಾಮೀಟರ್ ಇಡಿ. ಅಡುಗೆಮನೆಯ ಓವನ್ ಬಳಸುವುದಾದರೆ ಅಲಗಿನ ಎಣ್ಣೆ ತೊಳೆದು ಇಡಿ, ಇಲ್ಲವಾದರೆ ಮನೆಯವರ ಬಾಯಿಗೆ ನಾನು ಜವಾಬ್ದಾರನಲ್ಲ.

7. ಕೊನೆಗೆ ಗ್ರೈಂಡರ್

ಎರಡು ಇಂಚು ಅಗಲ, 72 ಇಂಚು ಸುತ್ತಳತೆಯ ಬೆಲ್ಟಿನದು, ದುಡ್ಡು ಕೂಡಿದಾಗ. ಅಲ್ಲಿಯವರೆಗೆ ಅರ ಸಾಕು. ಕೈ ಪಳಗುವುದೂ ಅರದಲ್ಲೇ. ಗ್ರೈಂಡರ್ ಬಂದ ಮೇಲೆ ಕೈಗವಸು ಬಿಚ್ಚಿಡಿ: ಗವಸಿನ ಎಳೆ ಬೆಲ್ಟಿಗೆ ಸಿಕ್ಕಿದರೆ ಬೆರಳೂ ಹೋಗುತ್ತದೆ, ಬರಿಗೈಯಿದ್ದರೆ ಬಿಸಿಯೂ ತಿಳಿಯುತ್ತದೆ. ಗಡಸು ಮಾಡಿದ ಅಲಗನ್ನು ಆಗಾಗ ನೀರಿಗೆ ಅದ್ದಿ. ಅಂಚು ನೀಲಿಗಟ್ಟಿತೆಂದರೆ ಹದ ಹೋಯಿತು. ದೂಳಿಗೆ ಬಟ್ಟೆಯ ಮಾಸ್ಕ್ ಲೆಕ್ಕಕ್ಕಿಲ್ಲ, ಫಿಲ್ಟರ್ ಇರುವ ರೆಸ್ಪಿರೇಟರ್ ಹಾಕಿ. ಹಿಡಿಗೆ ಮರ ಉಜ್ಜಿದ ದೂಳೂ ಉಕ್ಕಿನ ಕಿಡಿಯೂ ಒಂದೇ ಡಬ್ಬಕ್ಕೆ ಬೀಳಬಾರದು. ಬೆಲ್ಟಿನ ಕೆಳಗೆ ನೀರಿನ ಬಕೆಟ್ ಇಡಿ.

ಕೆಲಸ ಮುಗಿದ ಮೇಲೆ ಗ್ಯಾಸನ್ನು ಸಿಲಿಂಡರಿನಲ್ಲೇ ನಿಲ್ಲಿಸಿ, ಎಣ್ಣೆಗೆ ಮುಚ್ಚಳ ಹಾಕಿ, ಅರ್ಧ ಗಂಟೆ ಅಲ್ಲೇ ಇರಿ. ನಾನು ಆ ಹೊತ್ತಿನಲ್ಲಿ ನೆಲ ಗುಡಿಸುತ್ತೇನೆ. ಎರಡು ವರ್ಷದ ಹಿಂದೆ ಹಾಗೆ ಗುಡಿಸುವಾಗಲೇ ಬೆಂಚಿನ ಕೆಳಗಿನ ಚಿಂದಿಯಿಂದ ಸಣ್ಣಗೆ ಹೊಗೆ ಏಳುತ್ತಿದ್ದುದು ಕಂಡಿತ್ತು. ಚಿಂದಿಯ ಡಬ್ಬ ಈಗ ಶೆಡ್ಡಿನ ಹೊರಗಿದೆ.