ಅಮ್ಮನನ್ನು ಎಮರಾಲ್ಡ್ ಲೇಕ್‌ಗೆ ಹತ್ತಿಸಿದ್ದು: ನನ್ನ ಅನುಭವ

2024ರ ಜೂನ್ ಕೊನೆ. 64 ವರ್ಷದ ನಮ್ಮಮ್ಮ ಎಮರಾಲ್ಡ್ ಲೇಕ್ ದಂಡೆಯ ಬಂಡೆ ಮೇಲೆ ಕೂತು ಅವಲಕ್ಕಿ ತಿಂದರು. ಅಮೆರಿಕದ ಕೊಲೊರಾಡೊದ ರಾಕಿ ಮೌಂಟನ್ ನ್ಯಾಷನಲ್ ಪಾರ್ಕ್, ಹತ್ತು ಸಾವಿರ ಅಡಿಗಿಂತ ಮೇಲೆ. "ಬೇಡ ಮಾರಾಯ, ಕೆಳಗಿನ ಬೇರ್ ಲೇಕ್ ಸುತ್ತು ಹಾಕಿಸು ಸಾಕು" ಅಂದಿದ್ದ ಡಾಲಸ್ ಗೆಳೆಯರಿಗೆಲ್ಲ ಮೊದಲು ಆ ಫೋಟೋ ಕಳಿಸಿದೆ.

ಇದಕ್ಕೆ ಮೊದಲು ಎರಡು ಸಲ ಸೋತಿದ್ದೆ. 2022ರಲ್ಲಿ 14 ಗಂಟೆ ಕಾರು ಓಡಿಸಿಕೊಂಡು ಹೋಗಿ, ಮಾರನೇ ಬೆಳಿಗ್ಗೆಯೇ ಹತ್ತಿಸಿದ್ದೆ. ಡಾಲಸ್ ಇರೋದು ಐನೂರು ಅಡಿಯೊಳಗೆ, ಹತ್ತೋದು ಶುರುವಾಗುವ ಬೇರ್ ಲೇಕ್ ಒಂಬತ್ತೂವರೆ ಸಾವಿರದ ಹತ್ತಿರ. ದಾರಿಯ ಮೊದಲ ಕೆರೆ ನಿಂಫ್ ಲೇಕ್ ಬರೋಷ್ಟರಲ್ಲಿ ಅಮ್ಮನಿಗೆ ತಲೆನೋವು, ವಾಂತಿ. ಸುಮಾರು 900 ಡಾಲರ್ ನೀರಲ್ಲಿ ಹೋಮ. ಮುಂದಿನ ವರ್ಷ 9 ಗಂಟೆ ಮೇಲಿನ ಟೈಮ್ಡ್ ಎಂಟ್ರಿ (ಇಂತಿಷ್ಟು ಹೊತ್ತಿಗೆ ಒಳಗೆ ಬಿಡುವ ಪರ್ಮಿಟ್) ಸಿಕ್ಕಿತು. ಪಾರ್ಕಿಂಗ್ ಭರ್ತಿ, ಬಸ್ಸಿಗೆ ಕ್ಯೂ. ನಿಂಫ್‌ನ ಮುಂದಿನ ಕೆರೆ ಡ್ರೀಮ್ ಲೇಕ್ ತಲುಪಿದಾಗ ಮಧ್ಯಾಹ್ನ, ಆಗಲೇ ಗುಡುಗು. ವಾಪಸ್. ಇನ್ನೊಂದು 700 ಹೋಯಿತು.

ಮೂರನೇ ಸಲ, ದೇಹ ಎತ್ತರಕ್ಕೆ ಒಗ್ಗಲಿ ಅಂತ, ಹತ್ತುವ ಮೊದಲು ಡೆನ್ವರ್‌ನಲ್ಲಿ ಒಂದು ರಾತ್ರಿ, ಪಾರ್ಕಿನ ಪಕ್ಕದ ಊರು ಎಸ್ಟೆಸ್ ಪಾರ್ಕ್‌ನಲ್ಲಿ ಎರಡು ರಾತ್ರಿ ಇದ್ದೆವು. ನಡುವಿನ ದಿನ ಸ್ಪ್ರೇಗ್ ಲೇಕ್ ಸುತ್ತ ಒಂದು ವಾಕ್, ಅಷ್ಟೇ. ರೂಮ್ ಬಾಡಿಗೆ ಜಾಸ್ತಿಯಾಯಿತು, ಆದರೆ ಕೆಲಸ ಆಗಿದ್ದೇ ಅದರಿಂದ. ಅಂದ ಹಾಗೆ, ಅಲ್ಲಿ ಬರೀ ಪಾತ್ರೆಯಲ್ಲಿ ತೊಗರಿಬೇಳೆ ಇಟ್ಟು ನೋಡಿದೆ. ಒಂದೂಕಾಲು ಗಂಟೆಯಾದರೂ ಬೆರಳಲ್ಲಿ ಹಿಚುಕಿದರೆ ನಡುವೆ ಗಟ್ಟಿ. ಆ ಎತ್ತರದಲ್ಲಿ ನೀರು 92-93 ಡಿಗ್ರಿಗೇ ಕುದಿಯುತ್ತೆ. ಕುಕ್ಕರ್ ಮರೆಯಬೇಡಿ.

ಬೇರ್ ಲೇಕ್ ರಸ್ತೆಗೆ ಪರ್ಮಿಟ್ ಬೇಕಾಗಿದ್ದು ಬೆಳಿಗ್ಗೆ 5ರಿಂದ ಸಂಜೆ 6ರವರೆಗೆ. ನಾವು 4.40ಕ್ಕೇ ಗೇಟ್ ದಾಟಿದೆವು. ಬೆಳಕಾಗೋವರೆಗೆ ಅಮ್ಮ ಕಾರಲ್ಲೇ ಶಾಲು ಹೊದ್ದು ಮಲಗಿದ್ದರು.

ಹತ್ತುವಾಗ ನೂರು ಹೆಜ್ಜೆಗೊಮ್ಮೆ ನಿಲ್ಲುವುದು. ಹಾಸನದವರಾದ ಅಮ್ಮನಿಗೆ ಶ್ರವಣಬೆಳಗೊಳದ ಮೆಟ್ಟಿಲು ಹತ್ತಿ ಅಭ್ಯಾಸ, ಲೆಕ್ಕ ಅವರೇ ಇಟ್ಟರು. ನಿಂಫ್ ದಾಟಿದ ಮೇಲೆ ಗಾಳಿ ತಾಗದ, ಕಾಲು ಚಾಚಿ ಕೂರುವಂಥ ಒಂದು ಜಾಗ ಇದೆ. ಎಲ್ಲಿ ಅಂತ ಹೇಳಲ್ಲ, ಹೇಳಿದರೆ ನಾಳೆ ಅಲ್ಲೂ ಜನ. ಫ್ಲಾಸ್ಕ್‌ನಲ್ಲಿ ಒಯ್ದ ಪಾನಕದ ಅಳತೆಯೂ ನನ್ನ ಹತ್ತಿರವೇ ಇರಲಿ.

ಡ್ರೀಮ್‌ನಿಂದ ಮುಂದೆ ತುಳಿದು ತುಳಿದು ಗಾಜಿನಂತಾದ ಹಿಮ. ಬಾಡಿಗೆಗೆ ತಂದ ಮೈಕ್ರೋಸ್ಪೈಕ್ಸನ್ನು (ಜಾರದಂತೆ ಶೂ ಅಡಿಗೆ ಸಿಕ್ಕಿಸುವ ಮುಳ್ಳಿನ ಚೈನು) ಅಮ್ಮನ ಶೂಗೆ ನಾನೇ ಮೊಣಕಾಲೂರಿ ಹಾಕಿದೆ. ಮೊದಲ ಹತ್ತು ಹೆಜ್ಜೆ ನನ್ನ ತೋಳು ಬಿಡಲಿಲ್ಲ. ಆಮೇಲೆ ಕೋಲೂರಿಕೊಂಡು ನನಗಿಂತ ಮುಂದೆ ಹೋದರು. ಹೋಗಿಬರೋದು ಐದಾರು ಕಿಲೋಮೀಟರ್, ನಮಗೆ ಹಿಡಿದಿದ್ದು ಐದು ಗಂಟೆ ಚಿಲ್ಲರೆ. ಹನ್ನೊಂದೂವರೆಗೆ ಕಾರಲ್ಲಿದ್ದೆವು. ಮಳೆ ಶುರುವಾಗಿದ್ದು ಒಂದು ಗಂಟೆಗೆ.

ಮಾರನೇ ದಿನ ಅಮ್ಮ ಮಲಗಿದ್ದಾಗ ಒಬ್ಬನೇ ಲೇಕ್ ಹೈಯಾಹಾಗೆ ಹೋದೆ. 2022ರಲ್ಲಿ ಮೇಲಿನ ಗುಡ್ಡ ಕುಸಿದು ಕಲ್ಲುಪುಡಿ ಬೆರೆತ ಮೇಲೆ ಆ ಕೆರೆಗೆ ಹಾಲು ಬೆರೆಸಿದ ಹಸಿರು ಬಣ್ಣ. ವಿಡಿಯೋ ತೋರಿಸಿದೆ. "ಇಲ್ಲಿಗ್ಯಾಕೋ ನನ್ನ ಕರ್ಕೊಂಡು ಹೋಗಲಿಲ್ಲ?" ಅಂದರು ಅಮ್ಮ.