ಒಂದು ಫೈಲಿಗೆ 777 ಕೊಟ್ಟಾಗ

ಕಲಬುರಗಿಯಲ್ಲಿ ತೊಗರಿ ಸುಗ್ಗಿ ಶುರುವಾದರೆ ದಾಲ್ ಮಿಲ್‌ಗಳಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಅಂಥ ಒಂದು ಮಿಲ್ಲಿನ ಉಬುಂಟು ಸರ್ವರ್ ನೋಡಿಕೊಳ್ಳುವವನು ನಾನು. ಲೆಕ್ಕವೆಲ್ಲ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್‌ನಲ್ಲಿದೆ, ಅದನ್ನು ಬ್ರೌಸರಿನಲ್ಲಿ ನೋಡಲು ಪಿಎಚ್‌ಪಿಮೈಅಡ್ಮಿನ್ ಇದೆ.

ಒಂದು ದಿನ ತೂಕದ ಕಾಟಾ ಇರುವ ಕೋಣೆಯಲ್ಲಿ ಕೂತು ನೆಟ್‌ವರ್ಕ್ ಪರೀಕ್ಷೆ ಮಾಡುತ್ತಿದ್ದೆ. ಅಲ್ಲಿನ ಕಂಪ್ಯೂಟರಿಗೂ ಡೇಟಾಬೇಸ್ ಉತ್ತರ ಕೊಟ್ಟಿತು! ಎದೆ ಧಸಕ್ಕೆಂದಿತು. ಹೊರಗಿನಿಂದ ಯಾರಿಗೂ ಸಿಗಬಾರದು ಅಂತ ಬೈಂಡ್ ಅಡ್ರೆಸ್ 127.0.0.1 ಎಂದು, ಅಂದರೆ ಸರ್ವರಿನ ಒಳಗಿಂದ ಬರುವ ಕನೆಕ್ಷನ್ ಮಾತ್ರ ಎಂದು, ನಾನೇ ಹಾಕಿದ್ದೆ. ಮೈಎಸ್‌ಕ್ಯೂಎಲ್‌ನ ಸೆಟ್ಟಿಂಗ್ ಇರುವ ಕಾನ್ಫಿಗ್ ಫೈಲ್ ತೆರೆದರೆ ಆ ಸಾಲು ಹಾಗೇ ಇದೆ. ಆದರೂ ಮೈಎಸ್‌ಕ್ಯೂಎಲ್‌ನ 3306 ಪೋರ್ಟ್ ಎಲ್ಲರಿಗೂ ತೆರೆದಿದೆ.

ಆಮೇಲೆ ಫೈಲಿನ ಪರ್ಮಿಷನ್ ನೋಡಿದೆ. 777. ಅಂದರೆ ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಆಫೀಸಿನ ಹುಡುಗನನ್ನು ಕೇಳಿದೆ.

"ಹೌದ್ರಿ ಸರ, ಸೇವ್ ಆಗವಲ್ದಾಗಿತ್ತು. 777 ಕೊಟ್ಟೆ, ಆತು" ಎಂದ.

ಯಾರು ಬೇಕಾದರೂ ತಿದ್ದಬಹುದಾದ ಕಾನ್ಫಿಗ್ ಫೈಲನ್ನು ಮೈಎಸ್‌ಕ್ಯೂಎಲ್ ನಂಬುವುದಿಲ್ಲ. ಒಂದು ಸಾಲು ಎಚ್ಚರಿಕೆ ಕೊಟ್ಟು, ಇಡೀ ಫೈಲನ್ನೇ ಬಿಟ್ಟು ಮುಂದೆ ಹೋಗುತ್ತದೆ. ನನ್ನ ಬೈಂಡ್ ಅಡ್ರೆಸ್ ಸಾಲೂ ಅದರ ಜೊತೆಗೇ ಹೋಯಿತು. ಆ ಸಾಲಿಲ್ಲದಿದ್ದರೆ ಮೈಎಸ್‌ಕ್ಯೂಎಲ್ ಎಲ್ಲ ಕಡೆಯಿಂದಲೂ ಕನೆಕ್ಷನ್ ಕೇಳಿಸಿಕೊಳ್ಳುತ್ತದೆ. ಪರ್ಮಿಷನ್ ಸಡಿಲಿಸಿದ್ದು ಒಂದು ಫೈಲಿಗೆ, ತೆರೆದದ್ದು ಸರ್ವರಿನ ಬಾಗಿಲು. ಫೈಲನ್ನು ರೂಟ್ (ಸರ್ವರಿನ ಮುಖ್ಯ ಯೂಸರ್) ಹೆಸರಿಗೆ ಮಾಡಿ 644 ಕೊಟ್ಟೆ, ಅಂದರೆ ಒಡೆಯ ಮಾತ್ರ ತಿದ್ದಬಹುದು, ಉಳಿದವರು ಓದಬಹುದಷ್ಟೇ. ರೀಸ್ಟಾರ್ಟ್ ಮಾಡಿದ ಮೇಲೆ ಕಾಟಾ ಕೋಣೆಗೆ ಉತ್ತರ ನಿಂತಿತು.

ಅಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ. ಪಿಎಚ್‌ಪಿಮೈಅಡ್ಮಿನ್ ಕಾನ್ಫಿಗ್ ಫೈಲಿನಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಬರೆದಿಟ್ಟಿದ್ದರು. ಅದರ ಪರ್ಮಿಷನ್ 644, ಅಂದರೆ ಸರ್ವರಿಗೆ ಲಾಗಿನ್ ಆದವರೆಲ್ಲ ಓದಬಹುದು. ಎಲ್ಲರಿಗೂ ಬರೆಯಲು ಬಿಟ್ಟಿದ್ದರೆ ಪಿಎಚ್‌ಪಿಮೈಅಡ್ಮಿನ್ ತಾನೇ ತಕರಾರು ತೆಗೆಯುತ್ತಿತ್ತು. ಓದಲು ಬಿಟ್ಟರೆ ಸುಮ್ನಿರುತ್ತದೆ. ನನಗೆ ಇದೇ ಜಾಸ್ತಿ ಭಯ. ಮೊದಲು ಒಡೆಯನಿಗೆ ಮಾತ್ರ ಸಿಗುವ 600 ಕೊಟ್ಟೆ, ಪೇಜೇ ನಿಂತುಹೋಯಿತು. ಆ ಪೇಜ್ ತೋರಿಸುವ ವೆಬ್ ಸರ್ವರ್ ಅಪಾಚೆ ಓಡುವುದು ಬೇರೆ ಯೂಸರ್ ಹೆಸರಲ್ಲಿ ಅಲ್ವಾ, ಅದಕ್ಕೂ ಓದಲು ಬೇಕು. ಫೈಲಿನ ಗ್ರೂಪನ್ನು ಅಪಾಚೆಯ ಗ್ರೂಪಿಗೆ ಬದಲಿಸಿ 640 (ಗ್ರೂಪಿಗೆ ಓದಲು ಮಾತ್ರ, ಉಳಿದವರಿಗೆ ಏನೂ ಇಲ್ಲ) ಕೊಟ್ಟಾಗ ಸರಿಯಾಯಿತು.

ರಾತ್ರಿಯ ಬ್ಯಾಕಪ್ ಫೈಲುಗಳೂ 644ರಲ್ಲೇ ಇದ್ದವು. ರೈತರ ಹೆಸರು, ಬ್ಯಾಂಕ್ ಖಾತೆ ಎಲ್ಲ ಅದರಲ್ಲಿತ್ತು. ಸ್ಕ್ರಿಪ್ಟಿನ ಮೊದಲ ಸಾಲಲ್ಲೇ ಯುಮಾಸ್ಕ್ 077 ಹಾಕಿದೆ, ಇನ್ನು ಫೈಲು ಒಡೆಯನಿಗೆ ಮಾತ್ರ ತೆರೆಯುವಂತೆಯೇ ಹುಟ್ಟುತ್ತದೆ. ಅದು ಹೊಸ ಫೈಲುಗಳಿಗೆ ಮಾತ್ರ, ಹಳೆಯವನ್ನು ಕೈಯಾರೆ 600 ಮಾಡಬೇಕು.

ತಿಂಗಳುಗಟ್ಟಲೆ ತೆರೆದಿದ್ದ ಪಾಸ್‌ವರ್ಡನ್ನು ಯಾರು ಓದಿದ್ದಾರೋ ಹೇಳಲಾಗದು. ಅವತ್ತೇ ಬದಲಿಸಿದೆ. ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲೂ ಅದೇ ಪಾಸ್‌ವರ್ಡ್ ಇತ್ತು. ಅದಕ್ಕೆ ಬೇರೆ ಯೂಸರ್ ಮಾಡಿ, ಬೇಕಾದ ಟೇಬಲ್‌ಗಳಿಗಷ್ಟೇ ಹಕ್ಕು ಕೊಟ್ಟು ಮುಗಿಸುವಷ್ಟರಲ್ಲಿ ಕತ್ತಲಾಗಿತ್ತು. ಆ ಹುಡುಗ ಕೊನೆವರೆಗೂ ಪಕ್ಕದಲ್ಲೇ ಕೂತು ಒಂದೊಂದು ಕಮಾಂಡನ್ನೂ ಬರೆದುಕೊಂಡ.